ಮಗುವಿನ ಹೊಟ್ಟೆಯ ಗಡ್ಡೆ: ಎಳೆಯರ ಕಿಡ್ನಿ ಕ್ಯಾನ್ಸರ್ ಕುರಿತು



ಈ ದತ್ತಿ ಉಪನ್ಯಾಸದಲ್ಲಿ ಆರೋಗ್ಯದ ಬಗ್ಗೆ ಮಾತನಾಡಿ ಎಂದು ಸಂಘಟಕರು ಕೇಳಿದಾಗ ಅವರ ಮನಸ್ಸಿನಲ್ಲಿ ಸಕ್ಕರೆ ಕಾಯಿಲೆಯೋ ಬಿ.ಪಿ.ಯೋ ಇದ್ದಿರಬೇಕು. ಪುಟ್ಟ ಮಕ್ಕಳ ಕಿಡ್ನಿ ಕ್ಯಾನ್ಸರ್ ಎಂದು ನಾನು ಹೇಳಿದಾಗ ಸ್ವಲ್ಪ ಹಿಂಜರಿದರು. ಅಷ್ಟು ಅಪರೂಪದ ಕಾಯಿಲೆಗೆ ಒಂದು ಇಡೀ ಸಂಜೆ ಬೇಕೇ ಎಂಬ ಅನುಮಾನ ಅವರದು. ಅನುಮಾನ ಸರಿಯೇ. ಸುಮಾರು ಹತ್ತು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುವ ಕಾಯಿಲೆ ಇದು. ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡುವ ಒಬ್ಬ ವೈದ್ಯರು ನಿವೃತ್ತರಾಗುವವರೆಗೆ ಒಂದೋ ಎರಡೋ ಮಕ್ಕಳಲ್ಲಿ ಇದನ್ನು ಕಂಡಾರು, ಕಾಣದೆಯೂ ಇದ್ದಾರು. ಆದರೆ ಅಪರೂಪ ಎನ್ನುವುದೇ ಈ ಕಾಯಿಲೆಯ ಅಪಾಯ. ಯಾರೂ ಅದನ್ನು ನಿರೀಕ್ಷಿಸಿರುವುದಿಲ್ಲ. ಇನ್ನೊಂದು ಕಡೆ, ಗುಣವಾಗುವ ಕ್ಯಾನ್ಸರ್‌ಗಳ ಸಾಲಿನಲ್ಲಿ ಇದು ಮುಂದಿದೆ. ಚಿಕಿತ್ಸೆ ಪೂರ್ತಿಯಾಗಿ ಸಿಗುವ ದೇಶಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಮಕ್ಕಳು ಬದುಕುತ್ತಾರೆ. ಗುಣವಾಗಬಲ್ಲ ಮಗು ಗುಣವಾಗದೆ ಹೋದರೆ ಎಡವಿದ್ದು ಎಲ್ಲಿ ಎಂದು ಕೇಳಬೇಕಾಗುತ್ತದೆ. ಇಂದಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ಮೊದಲು ಈ ಕಾಯಿಲೆ ಏನು, ಎಲ್ಲಿಂದ ಹುಟ್ಟುತ್ತದೆ ಎಂದು ಹೇಳುತ್ತೇನೆ. ಆಮೇಲೆ ಮನೆಯಲ್ಲಿ ಅದು ಹೇಗೆ ಕಣ್ಣಿಗೆ, ಕೈಗೆ ಬೀಳುತ್ತದೆ, ಆಗ ಏನು ಮಾಡಬಾರದು ಎನ್ನುವುದು. ಮೂರನೆಯದಾಗಿ ಚಿಕಿತ್ಸೆ ಮತ್ತು ಅದರ ಚರಿತ್ರೆ. ಕೊನೆಯಲ್ಲಿ ನಮ್ಮ ಲಕ್ಕವಳ್ಳಿ ಹೋಬಳಿಯ ಹಳ್ಳಿಗಳಿಂದ ಬೆಂಗಳೂರಿನವರೆಗಿನ ದಾರಿ. ನನ್ನ ಲೆಕ್ಕದಲ್ಲಿ ಮುಖ್ಯವಾದದ್ದು ಆ ದಾರಿಯೇ.

ದೊಡ್ಡವರಿಗೆ ಬರುವ ಕಿಡ್ನಿ ಕ್ಯಾನ್ಸರ್ ಬೇರೆ, ಮಕ್ಕಳದು ಬೇರೆ. ಮಕ್ಕಳ ಕಿಡ್ನಿಯಲ್ಲಿ ಕಾಣುವ ಕ್ಯಾನ್ಸರ್‌ಗಳಲ್ಲಿ ಹತ್ತಕ್ಕೆ ಒಂಬತ್ತು ಒಂದೇ ಬಗೆಯವು. ವೈದ್ಯರು ಅದನ್ನು ವಿಲ್ಮ್ಸ್ ಗಡ್ಡೆ ಎನ್ನುತ್ತಾರೆ, ನೆಫ್ರೋಬ್ಲಾಸ್ಟೋಮಾ ಎಂದೂ ಕರೆಯುತ್ತಾರೆ. ಮ್ಯಾಕ್ಸ್ ವಿಲ್ಮ್ಸ್ ಜರ್ಮನಿಯ ಶಸ್ತ್ರವೈದ್ಯ. ಈ ಗಡ್ಡೆ ಹೇಗೆ ಹುಟ್ಟುತ್ತದೆ ಎಂದು 1899ರಲ್ಲಿ ವಿವರವಾಗಿ ಬರೆದವನು. 1918ರಲ್ಲಿ, ರೋಗಿಯೊಬ್ಬನಿಂದ ತಗುಲಿದ ಗಂಟಲುಮಾರಿಯಿಂದ ತೀರಿಕೊಂಡ. ಇಂದು ಚುಚ್ಚುಮದ್ದಿಗೆ ಹೆದರಿ ಓಡುವ ಕಾಯಿಲೆ ಅದು. ಲಸಿಕೆ ಬೇಡ ಎನ್ನುವವರಿಗೆ ಈ ಸಂಗತಿಯನ್ನು ನಾನು ಆಗಾಗ ಹೇಳುವುದುಂಟು.

ಈ ಗಡ್ಡೆಯ ಬೀಜ ಇರುವುದು ಗರ್ಭದಲ್ಲಿ. ಹೊಟ್ಟೆಯೊಳಗಿನ ಶಿಶುವಿನ ಎರಡೂ ಕಿಡ್ನಿಗಳು ಸುಮಾರು ಮೂವತ್ತಾರನೆಯ ವಾರದ ಹೊತ್ತಿಗೆ ರಚನೆ ಮುಗಿಸುತ್ತವೆ. ಆಮೇಲೆ ಹೊಸ ಶೋಧಕಗಳು ಹುಟ್ಟುವುದಿಲ್ಲ, ಇರುವವೇ ದೊಡ್ಡದಾಗುತ್ತವೆ. ಕಿಡ್ನಿ ಕಟ್ಟಿದ ಎಳೆಯ ಜೀವಕೋಶಗಳು ಆ ಹೊತ್ತಿಗೆ ಕೆಲಸ ನಿಲ್ಲಿಸಿ ಪ್ರಬುದ್ಧವಾಗಬೇಕು. ಕೆಲವು ಮಕ್ಕಳಲ್ಲಿ ಅಂಥ ಕೋಶಗಳ ಸಣ್ಣ ತುಣುಕುಗಳು ಹಾಗೇ ಉಳಿದುಬಿಡುತ್ತವೆ. ಬಹುಪಾಲು ತಾವಾಗಿ ಕರಗಿಹೋಗುತ್ತವೆ. ಎಲ್ಲೋ ಒಂದು ಮಾತ್ರ, ಗೃಹಪ್ರವೇಶ ಮುಗಿದ ಮೇಲೂ ಮನೆಬಿಟ್ಟು ಹೋಗದೆ ಗೋಡೆಯ ಮೇಲೆ ಗೋಡೆ ಎಬ್ಬಿಸುವ ಗಾರೆಯವರಂತೆ, ಬೆಳೆಯುತ್ತಲೇ ಇರುತ್ತದೆ. ಅದೇ ಈ ಗಡ್ಡೆ. ಇದು ಎಳೆಯರ ಕಾಯಿಲೆಯಾಗಿರುವುದು ಇದೇ ಕಾರಣಕ್ಕೆ. ನಾಲ್ಕರಲ್ಲಿ ಮೂವರು ಐದು ವರ್ಷದೊಳಗಿನವರು. ಮೂರು, ನಾಲ್ಕು ವರ್ಷದಲ್ಲಿ ಅತಿ ಹೆಚ್ಚು.

ಇಲ್ಲಿ ತಾಯಂದಿರಿಗೆ ಒಂದು ಮಾತು ಹೇಳಲೇಬೇಕು. ಬಸುರಿನಲ್ಲಿ ಗ್ರಹಣ ನೋಡಿದ್ದಕ್ಕೆ, ಪಪ್ಪಾಯಿ ತಿಂದದ್ದಕ್ಕೆ, ಬಾವಿಯಿಂದ ನೀರು ಸೇದಿದ್ದಕ್ಕೆ ಇದು ಬರುವುದಿಲ್ಲ. ಅಡಿಕೆ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದಿಂದ ಬಂತೇ ಎಂದು ತಂದೆಯರು ಕೇಳುತ್ತಾರೆ. ಅದರಲ್ಲಿರುವ ಮೈಲುತುತ್ತವನ್ನು ಜೋಪಾನವಾಗಿ ಬಳಸಬೇಕಾದ ಕಾರಣಗಳು ಬೇರೆ ಬೇಕಾದಷ್ಟಿವೆ. ಆದರೆ ಈ ಗಡ್ಡೆಗೆ ಇಂಥದ್ದೇ ಹೊರಗಿನ ಕಾರಣ ಎಂದು ಬೊಟ್ಟು ಮಾಡಿ ತೋರಿಸುವಂಥದ್ದು ಸಾಬೀತಾಗಿಲ್ಲ. ಮನೆತನದಲ್ಲಿ ಹರಿದು ಬರುವುದೂ ತೀರಾ ಕಡಿಮೆ, ನೂರರಲ್ಲಿ ಒಂದೆರಡು. ಮಗುವಿಗೆ ಕಾಯಿಲೆ ಎಂದು ತಿಳಿದ ದಿನ ಅತ್ತೆಮನೆಯವರ ಬೆರಳು ಸೊಸೆಯ ಕಡೆ ತಿರುಗುವುದನ್ನು ಆಸ್ಪತ್ರೆಯ ಪಡಸಾಲೆಗಳಲ್ಲಿ ಯಾರು ಬೇಕಾದರೂ ನೋಡಬಹುದು. ಅದಕ್ಕೆ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ.

ಕೆಲವು ಮಕ್ಕಳ ಮೇಲೆ ಮಾತ್ರ ಹುಟ್ಟಿನಿಂದಲೇ ಕಣ್ಣಿಡಬೇಕು. ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪರದೆ ಇಲ್ಲದೆ ಹುಟ್ಟಿದ ಮಗು, ದೇಹದ ಒಂದು ಪಕ್ಕ ಇನ್ನೊಂದಕ್ಕಿಂತ ದಪ್ಪವಾಗಿರುವ ಮಗು, ಹುಟ್ಟುವಾಗಲೇ ನಾಲಿಗೆ ತುಂಬಾ ದೊಡ್ಡದಿದ್ದು ಬೆಕ್‌ವಿತ್-ವೀಡೆಮನ್ ಎಂಬ ಸ್ಥಿತಿ ಇದೆ ಎಂದು ವೈದ್ಯರು ಗುರುತಿಸಿದ ಮಗು. ಇವರಿಗೆ ಏಳು ವರ್ಷ ತುಂಬುವವರೆಗೆ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸುವುದು ರೂಢಿ.

ಇನ್ನು ಎರಡನೆಯ ವಿಷಯಕ್ಕೆ ಬರುತ್ತೇನೆ: ಮನೆಯಲ್ಲಿ ಇದು ಹೇಗೆ ಗೊತ್ತಾಗುತ್ತದೆ?

ಬಹುಪಾಲು ಸಲ ವೈದ್ಯರಿಗಿಂತ ಮೊದಲು ಇದನ್ನು ಕಂಡುಹಿಡಿಯುವುದು ಮಗುವಿಗೆ ಸ್ನಾನ ಮಾಡಿಸುವ ಕೈ. ಸೋಪು ಹಚ್ಚುವಾಗ ಪಕ್ಕೆಯ ಕೆಳಗೆ, ಹೊಟ್ಟೆಯ ಒಂದು ಬದಿಯಲ್ಲಿ ಗಟ್ಟಿಯಾದ, ನುಣುಪಾದ ಗಡ್ಡೆ ತಗಲುತ್ತದೆ. ನೋವಿರುವುದಿಲ್ಲ. ಮಗು ಅಳುವುದಿಲ್ಲ, ಆಟ ಬಿಟ್ಟಿರುವುದಿಲ್ಲ. ಕಾಯಿಲೆ ಎಂದರೆ ಮಂಕಾಗಿ ಮಲಗುವುದು ಎಂದು ತಿಳಿದವರಿಗೆ ಇದು ಕಾಯಿಲೆ ಎಂದೇ ಅನಿಸುವುದಿಲ್ಲ. ಕೆಲವರಿಗೆ ಜ್ವರ, ಹೊಟ್ಟೆನೋವು ಬರಬಹುದು. ಐವರಲ್ಲಿ ಒಬ್ಬರಿಗೆ ಮೂತ್ರದಲ್ಲಿ ರಕ್ತ ಕಾಣಬಹುದು. ನಾಲ್ವರಲ್ಲಿ ಒಬ್ಬರಿಗೆ ರಕ್ತದೊತ್ತಡ ಏರಿರುತ್ತದೆ. ಆದರೆ ಮೂರು ವರ್ಷದ ಮಗುವಿನ ಬಿ.ಪಿ. ನೋಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಕಡೆ ಇದೆ ಹೇಳಿ?

ನಮ್ಮ ಮಲೆನಾಡಿನ ಮನೆಗಳಲ್ಲಿ ಕೂಸಿಗೆ ಎಣ್ಣೆ-ನೀರು ಎಂದರೆ ದೊಡ್ಡ ಕೆಲಸವಾಗಿತ್ತು. ಅಜ್ಜಿ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ತಲೆಯಿಂದ ಪಾದದವರೆಗೆ ಮೈಯನ್ನೆಲ್ಲ ಕೈಯಲ್ಲಿ ಓದುತ್ತಿದ್ದಳು. ಈಗಲೂ ಅದು ಪೂರ್ತಿ ಹೋಗಿಲ್ಲ. ಆದರೆ ವರ್ಷ ತುಂಬಿ ಮಗು ನಡೆಯಲು ಕಲಿತ ಮೇಲೆ ನಿಲ್ಲಿಸಿ ಎರಡು ಚೊಂಬು ನೀರು ಸುರಿದರೆ ಮುಗಿಯಿತು. ಗಡ್ಡೆ ಬರುವುದು ಎಣ್ಣೆ-ನೀರು ನಿಂತ ಆ ವಯಸ್ಸಿನಲ್ಲೇ. ಎರಡರಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೊಮ್ಮೆಯಾದರೂ ಕೂರಿಸಿಕೊಂಡು ನಿಧಾನವಾಗಿ ಸ್ನಾನ ಮಾಡಿಸಿ ಎನ್ನುವುದಕ್ಕೆ ನನಗೆ ಇದಕ್ಕಿಂತ ಗಟ್ಟಿ ಕಾರಣ ಬೇಡ. ಉಡುದಾರವನ್ನೂ ಗಮನಿಸಿ. ತೋಳು ಕಾಲು ತೆಳ್ಳಗಾಗುತ್ತಿದ್ದು ಉಡುದಾರ ಮಾತ್ರ ಬಿಗಿಯಾಗುತ್ತಿದ್ದರೆ ಅದು ಮಗು ಮೈತುಂಬಿಕೊಳ್ಳುತ್ತಿರುವ ಗುರುತಲ್ಲ.

ಅಂಗನವಾಡಿ ಕಾರ್ಯಕರ್ತೆಯರು ಇದನ್ನು ಬರೆದುಕೊಂಡರೆ ಒಳ್ಳೆಯದು. ನೀವು ತಿಂಗಳು ತಿಂಗಳು ಮಗುವಿನ ತೂಕ ನೋಡುತ್ತೀರಿ. ಹೊಟ್ಟೆಯಲ್ಲಿ ದೊಡ್ಡ ಗಡ್ಡೆ ಇರುವ ಮಗುವಿನ ವಿಷಯದಲ್ಲಿ ತಕ್ಕಡಿ ಮೋಸ ಮಾಡುತ್ತದೆ. ಗಡ್ಡೆಯ ತೂಕವೂ ಮಗುವಿನ ತೂಕದೊಳಗೇ ಸೇರಿಬಿಡುವುದರಿಂದ ಗೆರೆ ಏರುತ್ತಲೇ ಇರುತ್ತದೆ, ಮಗು ಮಾತ್ರ ಸೊರಗುತ್ತಿರುತ್ತದೆ. ನಿಮ್ಮ ಹತ್ತಿರ ತೋಳಿನ ಸುತ್ತಳತೆ ಅಳೆಯುವ ಬಣ್ಣದ ಪಟ್ಟಿ ಇದೆಯಲ್ಲ, ಅದು ಸುಳ್ಳು ಹೇಳುವುದಿಲ್ಲ. ಕ್ಯಾನ್ಸರ್ ಆಸ್ಪತ್ರೆಗಳಲ್ಲಿಯೂ ಇಂಥ ಮಕ್ಕಳ ಪೋಷಣೆ ಅಳೆಯಲು ತೂಕಕ್ಕಿಂತ ತೋಳನ್ನೇ ನಂಬುತ್ತಾರೆ.

ಮಕ್ಕಳ ಹೊಟ್ಟೆ ಉಬ್ಬುವುದು ನಮ್ಮ ಸೀಮೆಗೆ ಹೊಸದಲ್ಲ. ಮಲೇರಿಯಾ ಮನೆಮಾಡಿದ್ದ ಕಾಲದಲ್ಲಿ ಇಲ್ಲಿಯ ಮಕ್ಕಳಿಗೆ ಎಡಪಕ್ಕೆಯ ಕೆಳಗೆ ಗುಲ್ಮ ಊದಿಕೊಳ್ಳುತ್ತಿತ್ತು. ಜ್ವರಗಡ್ಡೆ ಎನ್ನುತ್ತಿದ್ದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಡಿಡಿಟಿ ಸಿಂಪಡಿಸಿದ ಮೇಲೆ ಆ ಕಾಟ ಇಳಿಯಿತು. ಆದರೆ ಹೊಟ್ಟೆಯ ಗಡ್ಡೆ ಎಂದರೆ ಜ್ವರದ ಬಾಕಿ, ಕ್ರಮೇಣ ಇಳಿಯುತ್ತದೆ ಎಂಬ ಧೈರ್ಯ ಹಿರಿಯರಲ್ಲಿ ಉಳಿದುಕೊಂಡಿತು. ಅದಿಲ್ಲದಿದ್ದರೆ ಜಂತುಹುಳು ಎನ್ನುತ್ತಾರೆ, ಮಾತ್ರೆ ನುಂಗಿಸಿ ಒಂದು ತಿಂಗಳು ಕಾಯುತ್ತಾರೆ. ಹುಳದ ಮಾತ್ರೆ ಕೊಡುವುದು ತಪ್ಪಲ್ಲ. ಕಾಯುವುದು ತಪ್ಪು. ಈ ಗಡ್ಡೆ ಬೆಳೆಯುವ ವೇಗಕ್ಕೆ ಒಂದು ತಿಂಗಳು ದೊಡ್ಡ ಅವಧಿ.

ಕಾಯುವುದಕ್ಕಿಂತ ಕೆಟ್ಟದ್ದು ಎರಡಿವೆ. ಒಂದು, ಹೊಟ್ಟೆ ನೀವುವುದು. ಎಣ್ಣೆ ಹಚ್ಚಿ ಗಡ್ಡೆ ಕರಗಲಿ ಎಂದು ತಿಕ್ಕುವವರಿದ್ದಾರೆ. ಇನ್ನೊಂದು, ಹೊಟ್ಟೆಯ ಮೇಲೆ ಬರೆ ಹಾಕಿಸುವುದು. ಬರೆಯಿಂದ ಆಗುವ ಗಾಯ, ಕೀವು ಆಪರೇಷನ್ನನ್ನು ಮುಂದಕ್ಕೆ ತಳ್ಳುತ್ತದೆ. ನೀವುವುದು ಅದಕ್ಕಿಂತ ಅಪಾಯಕಾರಿ. ಈ ಗಡ್ಡೆಯ ಸುತ್ತ ತೆಳುವಾದ ಹೊದಿಕೆ ಇರುತ್ತದೆ, ಒಳಗಿನ ತಿರುಳು ಬಲು ಮೆದು. ಒತ್ತಡಕ್ಕೆ ಹೊದಿಕೆ ಒಡೆದರೆ ಕ್ಯಾನ್ಸರ್ ಕೋಶಗಳು ಹೊಟ್ಟೆಯೆಲ್ಲ ಚೆಲ್ಲುತ್ತವೆ. ಮೊದಲ ಹಂತದಲ್ಲಿದ್ದ ಮಗು ಆ ಒಂದು ಘಳಿಗೆಯಲ್ಲಿ ಮೂರನೆಯ ಹಂತಕ್ಕೆ ಹೋಗುತ್ತದೆ, ಬೇಡವಾಗಿದ್ದ ವಿಕಿರಣ ಚಿಕಿತ್ಸೆ ಬೇಕಾಗುತ್ತದೆ. ಈ ಎಚ್ಚರ ವೈದ್ಯರಿಗೂ ಸೇರಿದ್ದು. ದೊಡ್ಡ ಆಸ್ಪತ್ರೆಗಳಲ್ಲಿ ಇಂಥ ಮಗುವಿನ ಹಾಸಿಗೆಯ ಬಳಿ ‘ಹೊಟ್ಟೆ ಒತ್ತಬೇಡಿ’ ಎಂದು ಬರೆದು ತೂಗುಹಾಕುತ್ತಾರೆ. ವೈದ್ಯ ವಿದ್ಯಾರ್ಥಿಗಳ ಒಂದು ತಂಡ ಸರದಿಯ ಮೇಲೆ ಒತ್ತಿ ನೋಡಿದರೆ ಏನಾದೀತು ಎಂದು ಯೋಚಿಸಿ.

ಹಾಗಾದರೆ ಮಾಡಬೇಕಾದ್ದೇನು? ಸ್ಕ್ಯಾನಿಂಗ್. ಅಲ್ಟ್ರಾಸೌಂಡ್ ಒಂದು ಸಾಕು, ಗಡ್ಡೆ ಕಿಡ್ನಿಯಿಂದ ಎದ್ದಿದೆಯೋ ಗುಲ್ಮವೋ ಇನ್ನೊಂದೋ ಎಂದು ಹೇಳಲು. ಅದಕ್ಕೆ ನೋವಿಲ್ಲ, ವಿಕಿರಣವಿಲ್ಲ. ತರೀಕೆರೆಯಲ್ಲೋ ಶಿವಮೊಗ್ಗದಲ್ಲೋ ಆ ವಾರದಲ್ಲೇ ಆಗಬೇಕು. ಗಡ್ಡೆ ಖಚಿತವಾದ ಮೇಲೆ ಸಿ.ಟಿ. ಸ್ಕ್ಯಾನ್ ಹೊಟ್ಟೆಗೂ ಎದೆಗೂ ಬೇಕು, ಏಕೆಂದರೆ ಈ ಕ್ಯಾನ್ಸರ್ ಹರಡಿದರೆ ಮೊದಲು ಹೋಗುವುದು ಶ್ವಾಸಕೋಶಕ್ಕೆ. ಅದನ್ನು ಚಿಕಿತ್ಸೆ ಕೊಡುವ ಆಸ್ಪತ್ರೆಯಲ್ಲೇ ಮಾಡಿಸುವುದು ಲೇಸು. ಒಂದೇ ಪರೀಕ್ಷೆಯನ್ನು ಮೂರು ಊರಲ್ಲಿ ಮಾಡಿಸಿ ಬೆಂಗಳೂರು ಸೇರುವ ಹೊತ್ತಿಗೆ ಕೈಯಲ್ಲಿದ್ದ ಹಣ ಖಾಲಿಯಾಗಿರುತ್ತದೆ.

ಮೂರನೆಯ ವಿಷಯ ಚಿಕಿತ್ಸೆ. ಇಲ್ಲಿ ಸ್ವಲ್ಪ ಚರಿತ್ರೆ ಬೇಕು.

1877ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿನ ಥಾಮಸ್ ಜೆಸಪ್ ಎಂಬ ಶಸ್ತ್ರವೈದ್ಯ ಎರಡು ವರ್ಷದ ಮಗುವಿನ ಗಡ್ಡೆಗಟ್ಟಿದ ಕಿಡ್ನಿಯನ್ನು ತೆಗೆದ. ಮಗು ಆಪರೇಷನ್ನಿನಿಂದ ಚೇತರಿಸಿಕೊಂಡಿತು. ಆಮೇಲೆ ಹಲವು ದಶಕಗಳವರೆಗೆ ಮುಖ್ಯವಾಗಿ ಕತ್ತಿಯೇ ಗತಿ. ಮೂವರಲ್ಲಿ ಒಬ್ಬರು ಉಳಿದರೆ ಅದೇ ದೊಡ್ಡದು. ಸೆಲ್ಮನ್ ವಾಕ್ಸ್‌ಮನ್ ಎಂಬ ವಿಜ್ಞಾನಿ ಮಣ್ಣಿನ ಸೂಕ್ಷ್ಮಜೀವಿಗಳಿಂದ 1940ರಲ್ಲಿ ಆಕ್ಟಿನೊಮೈಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದ. ಸೋಂಕಿಗೆ ಮದ್ದಾಗಲಿ ಎಂದು ಹುಡುಕಿದ್ದು, ಆದರೆ ಅದು ಅತಿ ವಿಷ. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ 1950ರ ದಶಕದಲ್ಲಿ ಅದೇ ಗುಂಪಿನ ಆಕ್ಟಿನೊಮೈಸಿನ್-ಡಿಯನ್ನು ಈ ಮಕ್ಕಳಿಗೆ ಕೊಟ್ಟು ನೋಡಿದ. ಶ್ವಾಸಕೋಶಕ್ಕೆ ಹಬ್ಬಿದ್ದ ಗಡ್ಡೆಗಳೂ ಕರಗಿದವು.

ಎರಡನೆಯ ಮದ್ದಿನ ಮೂಲ ನಮ್ಮ ಅಂಗಳದಲ್ಲೇ ಇದೆ. ನೀರಿಲ್ಲದಿದ್ದರೂ ವರ್ಷವಿಡೀ ಗುಲಾಬಿ, ಬಿಳಿ ಹೂ ಬಿಡುವ ನಿತ್ಯಪುಷ್ಪ. ಮೂಲದಲ್ಲಿ ಮಡಗಾಸ್ಕರ್ ದ್ವೀಪದ ಗಿಡ. ಸಕ್ಕರೆ ಕಾಯಿಲೆಗೆ ಇದು ಒಳ್ಳೆಯದು ಎಂಬ ಜನರ ನಂಬಿಕೆಯನ್ನು ಪರೀಕ್ಷಿಸಲು ಹೊರಟವರಿಗೆ ಸಕ್ಕರೆಯ ವಿಷಯದಲ್ಲಿ ಏನೂ ದಕ್ಕಲಿಲ್ಲ, ಕ್ಯಾನ್ಸರಿಗೆ ಎರಡು ಮದ್ದು ದಕ್ಕಿದವು. ಅದರಲ್ಲೊಂದಾದ ವಿನ್‌ಕ್ರಿಸ್ಟೀನ್ 1963ರಿಂದ ಅಮೆರಿಕದಲ್ಲಿ ಬಳಕೆಗೆ ಬಂತು. ಇಂದಿಗೂ ಈ ಗಡ್ಡೆಯ ಚಿಕಿತ್ಸೆಗೆ ಅದೇ ಆಧಾರ. ಹಾಗೆಂದು ಯಾರೂ ಎಲೆ ಅರೆದು ಕುಡಿಸಲು ಹೋಗಬಾರದು. ಒಂದೇ ಒಂದು ಗ್ರಾಂ ಔಷಧಕ್ಕೆ ನೂರಾರು ಕಿಲೋ ಒಣ ಎಲೆ ಬೇಕು. ಎಲೆಯಲ್ಲಿ ವಿಷವೂ ಇದೆ. ರಕ್ತನಾಳದೊಳಗೆ ಬಿಟ್ಟು ಬೇರೆಲ್ಲಿಯೂ ಕೊಡಬಾರದ ಮದ್ದು ಅದು, ಹೊರಗೆ ಸೋರಿದರೆ ಚರ್ಮವೇ ಸುಟ್ಟುಹೋಗುತ್ತದೆ.

ಕಾಯಿಲೆ ಅಪರೂಪವಾದ್ದರಿಂದ ಯಾವ ಒಂದು ಆಸ್ಪತ್ರೆಗೂ ಒಬ್ಬಂಟಿಯಾಗಿ ಪಾಠ ಕಲಿಯುವಷ್ಟು ರೋಗಿಗಳು ಸಿಗುತ್ತಿರಲಿಲ್ಲ. 1969ರಲ್ಲಿ ಅಮೆರಿಕದ ಆಸ್ಪತ್ರೆಗಳು, 1971ರಲ್ಲಿ ಯುರೋಪಿನವು ಒಂದುಗೂಡಿ ಎಲ್ಲ ಮಕ್ಕಳ ಲೆಕ್ಕವನ್ನು ಒಂದೇ ಕಡೆ ಇಡಲು ಶುರುಮಾಡಿದವು. ಯಾವ ಮಗುವಿಗೆ ಎಷ್ಟು ಮದ್ದು ಸಾಕು, ಯಾರಿಗೆ ವಿಕಿರಣ ಬೇಡ ಎನ್ನುವುದೆಲ್ಲ ಹಾಗೆ ತಿಳಿದದ್ದು. ಮದ್ದಿಗಿಂತ ಈ ಒಗ್ಗಟ್ಟೇ ಹೆಚ್ಚು ಮಕ್ಕಳನ್ನು ಉಳಿಸಿತೇನೋ ಎಂದು ನನಗನಿಸುತ್ತದೆ.

ಅಮೆರಿಕದವರು ಮೊದಲು ಆಪರೇಷನ್, ಆಮೇಲೆ ಕೀಮೋ, ಅಂದರೆ ಈ ಮದ್ದುಗಳ ಚಿಕಿತ್ಸೆ, ಎನ್ನುತ್ತಾರೆ. ಯುರೋಪಿನವರು ಮೊದಲು ಕೆಲವು ವಾರ ಕೀಮೋ ಕೊಟ್ಟು ಗಡ್ಡೆಯನ್ನು ಕುಗ್ಗಿಸಿ ಆಮೇಲೆ ತೆಗೆಯುತ್ತಾರೆ. ನಮ್ಮಲ್ಲಿ ಮಕ್ಕಳು ದೊಡ್ಡ ಗಡ್ಡೆ ಹೊತ್ತುಕೊಂಡೇ ಬರುವುದರಿಂದ ಅನೇಕ ಕಡೆ ಎರಡನೆಯ ದಾರಿಯೇ ಅನುಕೂಲ. ಗಡ್ಡೆ ಕಿಡ್ನಿಯಲ್ಲಷ್ಟೇ ಇದ್ದರೆ ಮೊದಲ ನಾಲ್ಕು ವಾರ ಎರಡು ಮದ್ದು. ಬೇರೆಡೆಗೆ ಹಬ್ಬಿದ್ದರೆ ಆರು ವಾರ ಮೂರು ಮದ್ದು. ಆಮೇಲೆ ಆ ಬದಿಯ ಕಿಡ್ನಿಯನ್ನು ಪೂರ್ತಿ ತೆಗೆದು, ಅಕ್ಕಪಕ್ಕದ ಗ್ರಂಥಿಗಳನ್ನೂ ಪರೀಕ್ಷೆಗೆ ಕಳಿಸುತ್ತಾರೆ. ಆ ವರದಿಯ ಮೇಲೆ ಮುಂದಿನ ಮದ್ದು, ವಿಕಿರಣ ನಿರ್ಧಾರವಾಗುತ್ತದೆ. ನೂರರಲ್ಲಿ ಸುಮಾರು ಐದು ಮಕ್ಕಳಿಗೆ ಎರಡೂ ಕಿಡ್ನಿಗಳಲ್ಲಿ ಗಡ್ಡೆ ಇರುತ್ತದೆ. ಅವರಲ್ಲಿ ಒಳ್ಳೆಯ ಭಾಗವನ್ನು ಉಳಿಸಿ ಗಡ್ಡೆಯನ್ನಷ್ಟೇ ತೆಗೆಯುವುದು ನುರಿತ ಕೈಗಳ ಕೆಲಸ.

ಒಂದು ಕಿಡ್ನಿಯಲ್ಲಿ ಬದುಕು ಹೇಗೆ ಎಂದು ಎಲ್ಲ ತಂದೆತಾಯಿಯರೂ ಕೇಳುತ್ತಾರೆ. ಚೆನ್ನಾಗಿಯೇ. ಉಳಿದ ಕಿಡ್ನಿ ಬೆಳೆದು ಎರಡರ ಕೆಲಸ ಮಾಡುತ್ತದೆ. ಮಗು ಶಾಲೆಗೆ ಹೋಗುತ್ತದೆ, ಓಡುತ್ತದೆ, ದೊಡ್ಡದಾಗಿ ಮದುವೆಯಾಗುತ್ತದೆ. ವರ್ಷಕ್ಕೊಮ್ಮೆ ಬಿ.ಪಿ. ಮತ್ತು ಮೂತ್ರ ಪರೀಕ್ಷೆ ತಪ್ಪಿಸಬಾರದು. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಿಸಬಾರದು. ಕಾಯಿಲೆ ಮರಳಿ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದೊಳಗೆ, ಹಾಗಾಗಿ ಆ ಅವಧಿಯ ಸ್ಕ್ಯಾನ್‌ಗಳು ಮುಖ್ಯ.

ಈಗ ಕೊನೆಯ ವಿಷಯ. ನಮ್ಮ ಊರಿನ ದಾರಿ.

ನಮ್ಮ ರಾಜ್ಯದಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು, 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಮಕ್ಕಳ ಕ್ಯಾನ್ಸರಿಗೆಂದೇ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಆವರಣದಲ್ಲೇ ಇನ್ಫೊಸಿಸ್ ಪ್ರತಿಷ್ಠಾನ ಕಟ್ಟಿಸಿಕೊಟ್ಟ ಧರ್ಮಶಾಲೆ ಇದೆ. ಮಣಿಪಾಲದ ಕಸ್ತೂರ್‌ಬಾ ಆಸ್ಪತ್ರೆಯಲ್ಲೂ ಚಿಕಿತ್ಸೆಯುಂಟು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ನೆರವಿದೆ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು ಪಾಲು. ಆಸ್ಪತ್ರೆಯವರು ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಡಬೇಕು. ಕೇಳಿ ಪಡೆಯಿರಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತವೆ. ಅವರ ಪಟ್ಟಿಯಲ್ಲಿ ಈ ಕ್ಯಾನ್ಸರಿನ ಹೆಸರು ಇಲ್ಲದಿದ್ದರೂ ಅನುಮಾನ ಬಂದ ಮಗುವನ್ನು ಅಂದೇ ಅವರ ಮುಂದೆ ನಿಲ್ಲಿಸಬಹುದು.

ಇಷ್ಟೆಲ್ಲ ಇದ್ದೂ ಮಕ್ಕಳು ಎಲ್ಲಿ ತಪ್ಪಿಹೋಗುತ್ತಾರೆ? ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮಕ್ಕಳ ಕ್ಯಾನ್ಸರಿಗೆಂದು ಜಾಗತಿಕ ಕಾರ್ಯಕ್ರಮ ಶುರುಮಾಡಿತು. 2030ರೊಳಗೆ ಜಗತ್ತಿನಾದ್ಯಂತ ನೂರಕ್ಕೆ ಅರವತ್ತು ಮಕ್ಕಳಾದರೂ ಉಳಿಯಬೇಕು ಎನ್ನುವುದು ಅದರ ಗುರಿ. ಆರು ಕ್ಯಾನ್ಸರ್‌ಗಳನ್ನು ಮುಖ್ಯವಾಗಿ ಆರಿಸಿಕೊಂಡಿತು. ಅದರಲ್ಲಿ ವಿಲ್ಮ್ಸ್ ಗಡ್ಡೆ ಒಂದು. ಬಡ ದೇಶಗಳಲ್ಲಿ ಮಕ್ಕಳು ಸಾಯುವುದಕ್ಕೆ ಕಾರಣಗಳನ್ನು ಪಟ್ಟಿ ಮಾಡಿದವರೆಲ್ಲ ತಡವಾಗಿ ಬರುವುದರ ಪಕ್ಕದಲ್ಲೇ ಇನ್ನೊಂದನ್ನು ಬರೆಯುತ್ತಾರೆ: ಚಿಕಿತ್ಸೆಯನ್ನು ನಡುವೆ ಬಿಟ್ಟುಹೋಗುವುದು.

ಇದಕ್ಕೆ ಮೌಢ್ಯವನ್ನು ದೂರುವುದು ಸುಲಭ. ನಾನು ಆ ವಾದವನ್ನು ಒಪ್ಪುವುದಿಲ್ಲ. ನಾಲ್ಕು ವಾರದ ಕೀಮೋ ಆದಾಗ ಗಡ್ಡೆ ಕುಗ್ಗಿರುತ್ತದೆ, ಹೊಟ್ಟೆ ಇಳಿದಿರುತ್ತದೆ. ಕೂದಲು ಉದುರಿದ್ದರೂ ಮಗು ನಗುತ್ತಾ ಉಣ್ಣುತ್ತದೆ. ಆ ಹೊತ್ತಿಗೆ ಊರಿನಿಂದ ಫೋನು ಬರುತ್ತದೆ. ಅಡಿಕೆ ಕೊಯ್ಲು ಶುರುವಾಗಿದೆ, ಕೊನೆ ಇಳಿಸುವವರು ಸಿಕ್ಕಿದ್ದಾರೆ, ಇವತ್ತು ಬಿಟ್ಟರೆ ಮತ್ತೆ ಸಿಗುವುದಿಲ್ಲ. ಹಿರಿಯ ಮಗಳು ನೆಂಟರ ಮನೆಯಲ್ಲಿದ್ದಾಳೆ, ಎಮ್ಮೆ ನೋಡುವವರಿಲ್ಲ. ಕೂಲಿಯವರಾದರೆ ಇನ್ನೂ ಕಷ್ಟ, ದುಡಿಯದ ದಿನ ಒಲೆ ಉರಿಯುವುದಿಲ್ಲ. ಮಗು ಹೇಗೂ ಚೇತರಿಸಿಕೊಂಡಿದೆ, ಕಿಡ್ನಿ ಯಾಕೆ ತೆಗೆಸಬೇಕು ಎಂದು ಒಂದು ವಾರದ ಮಟ್ಟಿಗೆ ಊರಿಗೆ ಬರುತ್ತಾರೆ. ಆ ವಾರ ಮೂರು ತಿಂಗಳಾಗುತ್ತದೆ. ಗಡ್ಡೆ ಮರಳಿ ಬೆಳೆದಾಗ ಮೊದಲಿನ ಮದ್ದಿಗೆ ಅದು ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಸರ್ಕಾರದ ಕಾರ್ಡು ಔಷಧದ, ಆಪರೇಷನ್ನಿನ ಬಿಲ್ಲು ಕಟ್ಟುತ್ತದೆ. ಬಿದ್ದುಹೋದ ಕೂಲಿಯನ್ನೂ ಕೊಯ್ಲಾಗದ ತೋಟವನ್ನೂ ಅದು ಭರಿಸುವುದಿಲ್ಲ.

ಆ ಕೆಲಸ ಊರಿನದು. ನಮ್ಮಲ್ಲಿ ಮುಯ್ಯಾಳು ಎಂಬ ಪದ್ಧತಿ ಇನ್ನೂ ಪೂರ್ತಿ ಅಳಿದಿಲ್ಲ. ಇವರ ಗದ್ದೆಗೆ ಅವರು, ಅವರ ತೋಟಕ್ಕೆ ಇವರು. ಪಂಚಾಯಿತಿ ಸದಸ್ಯರು, ಸ್ತ್ರೀಶಕ್ತಿ ಸಂಘದವರು, ಸಹಕಾರ ಸಂಘದವರು ಈ ಸಭೆಯಲ್ಲಿ ಇದ್ದೀರಿ. ನಿಮ್ಮ ಊರಿನ ಒಂದು ಮಗು ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿಗೋ ಮಣಿಪಾಲಕ್ಕೋ ಹೋಗಿದೆ ಎಂದು ತಿಳಿದರೆ ಆ ಮನೆಯ ಕೊಯ್ಲನ್ನು ಮುಯ್ಯಾಳಿನಲ್ಲಿ ಮುಗಿಸಿಕೊಡಿ, ದನಕ್ಕೆ ಹುಲ್ಲು ಹಾಕಿ, ಉಳಿದ ಮಕ್ಕಳನ್ನು ಶಾಲೆಗೆ ಕಳಿಸಿ, ಸಾಲದ ಕಂತಿಗೆ ಆರು ತಿಂಗಳ ಗಡುವು ಕೊಡಿ. ಕೊಯ್ಲಿಗೆ ಬನ್ನಿ ಎಂದು ಮಾತ್ರ ಅವರಿಗೆ ಫೋನು ಮಾಡಬೇಡಿ.